ಅಪ್‌ಡೇಟ್: ಕಾರ್ಗೋ ಕಡೆಗೇ ಹೊರಟೆ

ಏರ್‌ಬಸ್ ಎ320 ವಿಮಾನದಲ್ಲಿ ಕೋ-ಪೈಲಟ್ ಆಗಿರುವ ನಾನು ಪ್ಯಾಸೆಂಜರ್ ಏರ್‌ಲೈನ್ ಬಿಟ್ಟು ಕಾರ್ಗೋಗೆ (ಸರಕು ಸಾಗಣೆಗೆ) ಹೋಗಲಾ ಅಂತ ಕೇಳಿದ್ದೆ. ಎರಡು ಆಫರ್ ಇದ್ದವು: ಬೋಯಿಂಗ್ 737 ಫ್ರೈಟರ್ (ಸರಕು ವಿಮಾನ), ಏರ್‌ಬಸ್ ಎ321 ಫ್ರೈಟರ್. ಎ321 ಒಪ್ಪಿಕೊಂಡೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

737ಗೆ ಹೊಸ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಬೇಕು, ಜೊತೆಗೆ ಇಷ್ಟು ಕಾಲ ಕಂಪನಿ ಬಿಡಲ್ಲ ಅನ್ನುವ ಬಾಂಡ್. ಎ320, ಎ321 ಎರಡಕ್ಕೂ ಒಂದೇ ರೇಟಿಂಗ್.

ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಕಾರ್ಗೋದ ರಾತ್ರಿ ಹಾರಾಟದ್ದು. ಅಭ್ಯಾಸ ಆಗುತ್ತೆ ಅಂದಿರಿ. ನಾನು ಒಪ್ಪಲ್ಲ. ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ದೇಹ ನಿದ್ದೆಯನ್ನೇ ಕೇಳುತ್ತೆ. ಕಾರ್ಗೋದಲ್ಲಿರುವ ಸೀನಿಯರ್ ಕ್ಯಾಪ್ಟನ್ ಒಬ್ಬರ ಮನೆಗೆ ಹೋಗಿದ್ದೆ. ಕಿಟಕಿಗೆ ದಪ್ಪ ಕಪ್ಪು ಪರದೆ, ಬಾಗಿಲಿಗೆ 'ಬೆಲ್ ಒತ್ತಬೇಡಿ' ಚೀಟಿ. "ಹಗಲು ನಿದ್ದೆಯೂ ಡ್ಯೂಟಿನೇ ಕಣಪ್ಪ" ಅಂದರು. ಅವರ ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ರಾತ್ರಿಗಳು ಸಾಲಾಗಿ ಬರುತ್ತವೆ, ಆಮೇಲೆ ರಜೆಯೂ ಸಾಲಾಗಿ. ಒಂದು ದಿನ ನಸುಕಿಗೆ, ಮರುದಿನ ಸಂಜೆಗೆ ಅನ್ನುವ ನನ್ನ ಈಗಿನ ಪಾಡಿಗಿಂತ ಇದು ವಾಸಿ, ಅಲ್ವಾ?

ಕೆಲಸವೂ ಹಿಡಿಸಿದೆ. ಎ321 ಫ್ರೈಟರ್‌ನ ಮೇಲಿನ ಡೆಕ್‌ನಲ್ಲಿ 14, ಕೆಳಗೆ 10 ಕಂಟೈನರ್, ಸುಮಾರು 27 ಟನ್ ಸರಕು. ಅಪಾಯಕಾರಿ ಸರಕು ಯಾವುದು, ಎಲ್ಲಿಟ್ಟಿದ್ದಾರೆ ಅನ್ನುವ ಪಟ್ಟಿ ಹೊರಡುವ ಮುಂಚೆ ಕ್ಯಾಪ್ಟನ್ ಕೈಗೆ ಬರಲೇಬೇಕು. ಅದನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಒಂದು ವಿದ್ಯೆ.

ಕೆಲಸ ಬಿಡುವ ಮುಂಚಿನ ನೋಟಿಸ್ ಅವಧಿ ಬಗ್ಗೆ ಕೇಳಿದವರಿಗೆ: ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಂತೆ ಕೋ-ಪೈಲಟ್‌ಗೆ 6 ತಿಂಗಳು, ಕ್ಯಾಪ್ಟನ್‌ಗೆ 1 ವರ್ಷ. ಹೊಸ ಕಂಪನಿ ಕಾಯುತ್ತೇವೆ ಅಂತ ಬರೆದುಕೊಟ್ಟಿದೆ. ಸೋಮವಾರ ರಾಜೀನಾಮೆ ಕೊಡುತ್ತೇನೆ.