ಒಳಗಿವಿಯ ನರದ ಗಡ್ಡೆ: ಕಾಯುತ್ತಿರುವವರ ಅನುಭವ

ಪ್ರಶ್ನೆ, ಚಿತ್ರದುರ್ಗದಿಂದ:

ನಮ್ಮ ತಂದೆಯವರಿಗೆ 61 ವರ್ಷ. ಬಲಗಿವಿ ಮಂದವಾಯಿತೆಂದು ತೋರಿಸಲು ಹೋದಾಗ ಎಂಆರ್‌ಐಯಲ್ಲಿ 9 ಮಿ.ಮೀ. ಗಾತ್ರದ ವೆಸ್ಟಿಬ್ಯುಲರ್ ಶ್ವಾನೋಮಾ ಎಂಬ ಗಡ್ಡೆ ಕಂಡುಬಂದಿತು. ಇದು ಕ್ಯಾನ್ಸರ್ ಅಲ್ಲ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದಿದ್ದಾರೆ. ತಲೆಯೊಳಗೆ ಗಡ್ಡೆ ಇಟ್ಟುಕೊಂಡು ಸುಮ್ಮನಿರುವುದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ, ದಾವಣಗೆರೆಯಿಂದ:

ನನ್ನ ಎಡಗಿವಿಯ ಗಡ್ಡೆ ಪತ್ತೆಯಾಗಿ ಇದು ಏಳನೆಯ ವರ್ಷವಾದ್ದರಿಂದ ನಿಮ್ಮ ಆತಂಕ ನನಗೆ ಚೆನ್ನಾಗಿ ಗೊತ್ತು. ಸಮತೋಲನದ ನರದ ಹೊದಿಕೆಯಲ್ಲಿ ಹುಟ್ಟುವ ಈ ಗಡ್ಡೆ ಬೇರೆ ಅಂಗಗಳಿಗೆ ಹರಡುವುದಿಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್, ಎಷ್ಟೋ ಜನರಲ್ಲಿ ಇದ್ದಷ್ಟೇ ಇರುತ್ತದೆ. ಡೆನ್ಮಾರ್ಕ್‌ನಲ್ಲಿ 552 ರೋಗಿಗಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿವಿಯ ಎಲುಬಿನ ಕಾಲುವೆಯೊಳಗೇ ಇದ್ದ ಗಡ್ಡೆಗಳ ಪೈಕಿ ನೂರಕ್ಕೆ 17ರಷ್ಟು ಮಾತ್ರ ಹೊರಕ್ಕೆ ಬೆಳೆದಿದ್ದವು, ಅದೂ ಮೊದಲ ಐದು ವರ್ಷಗಳೊಳಗೆ. ಮೊದಲ ವರ್ಷಗಳಲ್ಲಿ ಸ್ಕ್ಯಾನ್ ತಪ್ಪಿಸಬಾರದು ಎನ್ನುವುದು ಅದಕ್ಕಾಗಿಯೇ.

ಮೂರನೆಯ ವರ್ಷ ನಾನು ಬೇರೊಂದು ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿದೆ. 12 ಮಿ.ಮೀ. ಇದ್ದದ್ದು 15 ಆಗಿದೆ ಎಂದು ವರದಿ ಬಂದಿತು. ಎರಡು ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕೊನೆಗೆ ನಮ್ಮ ವೈದ್ಯರು ಹಳೆಯ ಮತ್ತು ಹೊಸ ಫಿಲ್ಮ್‌ಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಸಿಕ್ಕಿಸಿ, ಪೆನ್ನಿನ ತುದಿಯಿಂದ ತೋರಿಸಿದರು: ಮೊದಲನೆಯವರು ಕಾಲುವೆಯಿಂದ ಹೊರಗಿನ ಭಾಗವನ್ನಷ್ಟೇ ಅಳೆದಿದ್ದರು, ಎರಡನೆಯವರು ಒಳಗಿನದನ್ನೂ ಸೇರಿಸಿದ್ದರು. ಗಡ್ಡೆ ಕದಲಿರಲೇ ಇಲ್ಲ. ಅಂದಿನಿಂದ ಒಂದೇ ಕೇಂದ್ರದಲ್ಲಿ, ಒಂದೇ ಬಗೆಯ ಕಾಂಟ್ರಾಸ್ಟ್ (ಗಡ್ಡೆ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಎಂಆರ್‌ಐ ಮಾಡಿಸಿ, ಹಿಂದಿನ ವರ್ಷದ ಜೊತೆಗೆ ಮೊತ್ತಮೊದಲ ಸ್ಕ್ಯಾನ್‌ನೊಂದಿಗೂ ಹೋಲಿಸಲು ಕೇಳಿಕೊಳ್ಳುತ್ತೇನೆ. ವರ್ಷಕ್ಕೆ ಅರ್ಧ ಮಿಲಿಮೀಟರಿನಂತೆ ಬೆಳೆದರೆ ಹಿಂದಿನ ವರ್ಷದ ಹೋಲಿಕೆಯಲ್ಲಿ ಅದು ಕಾಣದೆ ಹೋಗಬಹುದು. ಕಾಂಟ್ರಾಸ್ಟ್ ಕೊಡುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ; ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲ ಕಾಯಿಲೆಯಾದ್ದರಿಂದ ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಹೇಳಿಬಿಡಿ.

ಇನ್ನೊಂದು ಉತ್ತರ, ದಾವಣಗೆರೆಯಿಂದ:

ಮೇಲಿನ ಅಮ್ಮನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗಡ್ಡೆ ಬೆಳೆಯದಿದ್ದರೂ ಶ್ರವಣ ಕುಗ್ಗಬಹುದು, ಹಾಗಾಗಿ ಸ್ಕ್ಯಾನ್ ಜೊತೆಗೆ ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಕೂಡ ಆಗಬೇಕು. ಶಬ್ದ ಕೇಳಿಸುತ್ತದೆಯೇ ಎಂಬುದಷ್ಟೇ ಅಲ್ಲದೆ ಮಾತು ಬಿಡಿಸಿ ತಿಳಿಯುತ್ತದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿರಿ. ನನ್ನ ಶ್ರೀಮತಿಗೆ ಫೋನನ್ನು ಬಲಗಿವಿಗೆ ಹಿಡಿದರೆ ದನಿ ಬರುತ್ತಿತ್ತು, ಆದರೆ ‘ಅರವತ್ತು’ ‘ಎಪ್ಪತ್ತು’ ಒಂದೇ ಆಗಿ ಕೇಳುತ್ತಿತ್ತು. ಅವರ ಗಡ್ಡೆ ಒಂದೇ ವರ್ಷದಲ್ಲಿ 3 ಮಿ.ಮೀ. ಬೆಳೆದದ್ದು ಖಚಿತವಾದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ (ತಲೆ ಕೊಯ್ಯದೆ ಗಡ್ಡೆಗೆ ಗುರಿಯಿಟ್ಟು ಕೊಡುವ ವಿಕಿರಣ ಚಿಕಿತ್ಸೆ) ಮಾಡಿಸಿದೆವು. ಈಗಲೂ ವರ್ಷಕ್ಕೊಮ್ಮೆ ಸ್ಕ್ಯಾನ್ ತಪ್ಪಿಲ್ಲ.

ಒಂದೆರಡು ದಿನಗಳಲ್ಲಿ ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ, ಮುಖ ಮರಗಟ್ಟಿದರೆ, ನಡಿಗೆ ತೂರಾಡಿದರೆ ಮುಂದಿನ ಸ್ಕ್ಯಾನ್‌ನ ದಿನಾಂಕಕ್ಕೆ ಕಾಯಬೇಡಿ, ಕೂಡಲೇ ತೋರಿಸಿ. ಮೊದಲ ಸ್ಕ್ಯಾನ್‌ನ ಸಿ.ಡಿ. ನಿಮ್ಮ ಕೈಗೆ ಕೊಟ್ಟಿದ್ದಾರೆಯೇ? ಇಲ್ಲವಾದರೆ ಈ ವಾರವೇ ಕೇಳಿ ಪಡೆದುಕೊಳ್ಳಿ.