ಸಹಾಯ ಬೇಕು: ಅಬುಧಾಬಿಯ ಅಡಿಪೆಕ್ ಮೇಳದಲ್ಲಿ ಹಳೇ ರಿಗ್ ಬಳಗ

ನಮಸ್ಕಾರ. ಈ ಸಲದ ತೈಲ-ಅನಿಲ ಮೇಳ ಅಡಿಪೆಕ್‌ಗೆ ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಯಾರು ಹೋಗ್ತಿದ್ದೀರಿ? ತೈಲಬಾವಿ ಕೊರೆಯುವ ರಿಗ್‌ಗಳಿಗೆ ಮಡ್ (ಕೊರೆಯುವಾಗ ಬಳಸುವ ದ್ರವ) ಒದಗಿಸುವ ಎಂಐ ಸ್ವಾಕೋ ಕಂಪನಿಯಲ್ಲಿ ಮಡ್ ಇಂಜಿನಿಯರ್ ಆಗಿದ್ದವರನ್ನು ಒಟ್ಟು ಸೇರಿಸಬೇಕಿದೆ. ಲಿಂಕ್ಡ್‌ಇನ್‌ನಲ್ಲಿ ಹಳೇ ಕಂಪನಿ ಹೆಸರು ಹಾಕಿದರೆ ಎಷ್ಟೋ ಜನ ಸಿಗೋದಿಲ್ಲ: 2010ರಲ್ಲಿ ಅದು ತನ್ನ ಮಾತೃ ಕಂಪನಿ ಸ್ಮಿತ್ ಸಮೇತ ಪೂರ್ತಿ ಶ್ಲಂಬರ್ಜರ್ ಕಂಪನಿಯ ಪಾಲಾಯಿತು, ಶ್ಲಂಬರ್ಜರ್ 2022ರಲ್ಲಿ ಎಸ್‌ಎಲ್‌ಬಿ ಆಯಿತು. ಕಂಪನಿ ಇಮೇಲ್ ಅಂತೂ ಕೆಲಸ ಬಿಟ್ಟಮೇಲೆ ಮುಗೀತು.

ಹಾಗಾಗಿ ರಿಗ್ ಹೆಸರು, ತೈಲ ಫೀಲ್ಡ್, ವರ್ಷ, ಹಗಲು ಪಾಳಿಯೋ ರಾತ್ರಿಯೋ ಬರೆಯಿರಿ. ಫೋನ್ ನಂಬರ್ ಮಾತ್ರ ಇನ್‌ಬಾಕ್ಸ್‌ಗೆ.

ಬ್ಯಾಡ್ಜ್‌ಗೆ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಕೊಡಿ (ಮನೆತನದ ಹೆಸರು ಮುಂದಿಡುವ ನಮ್ಮವರದ್ದು ಫಾರ್ಮ್‌ನಲ್ಲಿ ಹಿಂದುಮುಂದಾಗೋದೇ ಹೆಚ್ಚು). ‘ಅಲ್ಲೇ ಸಿಗೋಣ’ ಅಂದರೆ ಆ ಜನಜಂಗುಳಿಯಲ್ಲಿ ಸಿಗೋದಿಲ್ಲ; ಹಾಲ್, ಸ್ಟ್ಯಾಂಡ್ ನಂಬರ್, ಗಂಟೆ ಮೊದಲೇ ನಿಗದಿ ಮಾಡೋಣ.

ಮಾಕುಟ್ಟ ಘಾಟಿ ದಾರಿಯಲ್ಲಿ ಇಳಿದು ಕಣ್ಣೂರಿಂದ ವಿಮಾನ ಹಿಡಿಯುವವರು ದಿನಾಂಕ ತಿಳಿಸಿ, ಒಂದೇ ಗಾಡಿ ಮಾಡಬಹುದು.