ಅಪ್‌ಡೇಟ್: ದಾಸರ ಪದದ ಮೇಲಿದ್ದ ಕಾಪಿರೈಟ್ ಕ್ಲೇಮ್ ತೆರವಾಯಿತು

ಬಸವನಗುಡಿಯಲ್ಲಿ ನಾವೇ ಹಾಡಿ ಮುದ್ರಿಸಿದ ದಾಸರ ಪದಕ್ಕೆ ಯೂಟ್ಯೂಬ್‌ನಲ್ಲಿ ಒಂದು ಸಂಸ್ಥೆಯ ಕ್ಲೇಮ್ (ಹಕ್ಕು ತಮ್ಮದೆಂಬ ವಾದ) ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೆ. ಡಿಸ್ಪ್ಯೂಟ್ (ಕ್ಲೇಮ್ ತಪ್ಪೆಂಬ ತಕರಾರು) ಹಾಕಿದೆವು, ಕ್ಲೇಮ್ ತೆರವಾಗಿದೆ.

ಮೊದಲು ಬಂದಿರುವುದು ಕ್ಲೇಮೋ ಸ್ಟ್ರೈಕೋ (ಹಕ್ಕು ಉಲ್ಲಂಘನೆಗೆ ಚಾನೆಲ್ ಮೇಲೆ ಬೀಳುವ ಎಚ್ಚರಿಕೆ) ನೋಡಿಕೊಳ್ಳಿ. ಕ್ಲೇಮ್‌ನಿಂದ ಹೆಚ್ಚಾಗಿ ಜಾಹೀರಾತಿನ ಹಣ ಕೈತಪ್ಪುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲಿಗೇ ಕುತ್ತು.

ಡಿಸ್ಪ್ಯೂಟ್‌ನಲ್ಲಿ ‘ಪದ ಹಳೆಯದು’ ಎಂದಷ್ಟೇ ಬರೆದರೆ ಸಾಲದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯದ ಹಕ್ಕು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ; ಧ್ವನಿಮುದ್ರಣದ್ದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಾಹಿತ್ಯ ಎಲ್ಲರ ಸ್ವತ್ತಾದರೂ, ಈಚಿನ ಸಂಗೀತಗಾರರು ಹೊಸದಾಗಿ ಹಾಕಿದ ಧಾಟಿಯ ಹಕ್ಕು ಜೀವಂತವಾಗಿರಬಹುದು. ಬಹಳ ಜನ ಎಡವುವುದು ಇಲ್ಲೇ. ಕ್ಯಾಸೆಟ್ಟಿನಲ್ಲಿ ಕೇಳಿದ ಧಾಟಿ ಪರಂಪರೆಯದೇ ಎಂದು ದಯವಿಟ್ಟು ನಂಬಿಬಿಡಬೇಡಿ. ಕರೋಕೆ ಟ್ರ್ಯಾಕ್ ಬಳಸಿದ್ದರಂತೂ ಅದರ ಲೈಸೆನ್ಸ್ ಬೇಕೇ ಬೇಕು.

ಕ್ಲೇಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದಲೇ ಆದಾಯ ತಡೆದಿಡುತ್ತಾರೆ, ಗೆದ್ದವರಿಗೆ ಕೊಡುತ್ತಾರೆ. ತಡವಾದರೆ ಹಿಂದಿನ ಹಣ ಹೋದಂತೆಯೇ. ಎದುರಿನವರಿಗೆ ಉತ್ತರಿಸಲು 30 ದಿನ. ಅವರು ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ಅವರು ತಿರಸ್ಕರಿಸಿದರೆ ಅಪೀಲು, ಅದಕ್ಕೆ ಉತ್ತರಿಸಲು ಅವರಿಗೆ 7 ದಿನ. ಆಮೇಲೆ ಅವರು ಟೇಕ್‌ಡೌನ್ (ವಿಡಿಯೊ ತೆಗೆಸುವ ಕೋರಿಕೆ) ಕಳಿಸಿದರೆ ಸ್ಟ್ರೈಕ್ ಬೀಳಬಹುದು, ಹಾಗಾಗಿ ಅಪೀಲಿಗೆ ಮುಂಚೆ ವಕೀಲರಿಗೆ ತೋರಿಸಿ.

ಸ್ಟುಡಿಯೋದ ಮಲ್ಟಿಟ್ರ್ಯಾಕ್ ಫೈಲು (ದನಿ, ವಾದ್ಯ ಬೇರೆಬೇರೆಯಾಗಿ ಇರುವಂಥದ್ದು), ದಿನಾಂಕವಿರುವ ಬಿಲ್ಲು, ಪಕ್ಕವಾದ್ಯದವರ ಲಿಖಿತ ಒಪ್ಪಿಗೆ ಇವನ್ನು ಇಟ್ಟುಕೊಂಡಿರಿ. ಆಧಾರವಿಲ್ಲದೆ ನೋಟಿಸ್ ಕೊಟ್ಟು ಬೆದರಿಸುವವರ ವಿರುದ್ಧ ಕಾಯ್ದೆಯ 60ನೇ ಕಲಂ ಅಡಿ ನೀವೇ ದಾವೆ ಹೂಡಬಹುದು.